ಎಡಗಡೆಯ ಎರಡು ಪೆನ್ನಿಗಳು

ಮುಚ್ಚಳ ತಿರುಗಿಸಿದೊಡನೆ ಮೊದಲು ಬಂದದ್ದು ಇಂಗಿನ ವಾಸನೆ. ಅದರ ಬೆನ್ನಿಗೇ, ಬೆವರಿದ ಅಂಗೈಯಲ್ಲಿ ಬಹಳ ಹೊತ್ತು ನಾಣ್ಯ ಹಿಡಿದುಕೊಂಡಿದ್ದರೆ ಹತ್ತುವ ತಾಮ್ರದ ವಾಸನೆ. ಉಪ್ಪಿನಕಾಯಿ ಮುಗಿದ ಸಣ್ಣ ಗಾಜಿನ ಬಾಟಲಿ ಅದು, ಕತ್ತಿನವರೆಗೆ ಪೆನ್ನಿಗಳು, ಅಮೆರಿಕದ ಒಂದು ಸೆಂಟಿನ ನಾಣ್ಯಗಳು, ತುಂಬಿದ್ದವು. ಎರಡು ವಾಸನೆಗಳೂ ಸೇರಿದ ಆ ಗಳಿಗೆ ನಾನು ಆಸ್ಟಿನ್‌ನ ನನ್ನ ಅಡುಗೆಮನೆಯಲ್ಲಿ ಇರಲಿಲ್ಲ. ಕ್ಯಾರಲ್ಟನ್‌ನ ಎರಡನೇ ಮಹಡಿಯ ಮನೆಯಲ್ಲಿ, ಪ್ಲಾಸ್ಟಿಕ್ ಹಾಸು ಹೊದಿಸಿದ ಊಟದ ಮೇಜಿನ ಎದುರು ಕುಳಿತಿದ್ದೆ… ಮುಚ್ಚಳವನ್ನು ಮತ್ತೆ ಹಾಕಿಬಿಟ್ಟೆ.

ಬಾಟಲಿ ಕೈಗೆ ಬಂದದ್ದು ಅದೇ ಶನಿವಾರ ಬೆಳಿಗ್ಗೆ, ದ ಡೊಮೇನ್ ಮಾಲಿನ ಪಾರ್ಕಿಂಗ್ ಲಾಟಿನಲ್ಲಿ. ಓದುವ ದಿನಗಳಲ್ಲಿ ನನಗೆ ಹತ್ತಿರವಾಗಿದ್ದ ಆಂಟಿಯೊಬ್ಬರ ಮಗಳು ಹ್ಯೂಸ್ಟನ್ ಬಳಿಯ ಪೇರ್ಲ್ಯಾಂಡಿನಿಂದ ಯಾವುದೋ ಕೆಲಸಕ್ಕೆ ಬಂದವರು ಐದು ನಿಮಿಷ ಸಿಗುತ್ತೀಯಾ ಎಂದು ಮೆಸೇಜು ಕಳಿಸಿದ್ದರು. ಕಾರಿನ ಬಾಗಿಲು ತೆರೆದು ಬಾಟಲಿ ಕೊಟ್ಟರು. "ಲೆಕ್ಕದಾಕಿಗೆ ಕೊಡು ಅಂದಿದ್ದರು ಅಮ್ಮ" ಎಂದರು. ಆಂಟಿ ಹೇಗಿದ್ದಾರೆ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಅವರ ಅಣ್ಣ ನನಗೆ ತಿಳಿಸಿರುತ್ತಾನೆ ಎಂದು ಅವರು, ಅವರು ತಿಳಿಸಿರುತ್ತಾರೆ ಎಂದು ಅಣ್ಣ… ಹಾಗೆ ಆಂಟಿ ತೀರಿಕೊಂಡು ಮೂರು ವಾರ ಕಳೆದುಹೋಗಿತ್ತು. ನಿದ್ದೆಯಲ್ಲೇ ಹೃದಯ ನಿಂತಿತಂತೆ. ನಾನು ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದೆ. ಅವರ ಕಾರು ತಿರುವಿನಲ್ಲಿ ಕಾಣದಾದ ಮೇಲೂ ನಿಂತೇ ಇದ್ದೆ. ಒಬ್ಬರು ಬಂದು, ಈ ಜಾಗದಲ್ಲಿ ಕಾರು ನಿಲ್ಲಿಸಬೇಕು, ಸ್ವಲ್ಪ ಸರಿಯುತ್ತೀಯಾ ಎಂದು ಕೇಳಬೇಕಾಯಿತು.

ನಾನು ದಿನಚರಿ ಬರೆಯುವವಳು. ತಾರೀಖು, ಎಣಿಕೆ, ಎಲ್ಲವೂ ಅದರಲ್ಲಿರುತ್ತದೆ. ಕಳೆದ ಎರಡು ವರ್ಷಗಳಲ್ಲಿ ಆಂಟಿಗೆ ನಾನು ಮಾಡಿದ ಫೋನು ಹನ್ನೊಂದು, ಅವರು ಮಾತಿಗೆ ಬಂದದ್ದು ಎರಡು ಸಲ. ಹನ್ನೊಂದನೆಯದನ್ನು ಮಾಡಿದಾಗ ಅವರು ಹೋಗಿ ನಾಲ್ಕು ದಿನವಾಗಿತ್ತು ಎಂಬುದು ಮನೆಗೆ ಬಂದು ಪುಟ ತಿರುಗಿಸಿದ ಮೇಲೆ ಗೊತ್ತಾಯಿತು. ಆ ಸಾಲಿನ ಮುಂದೆ ನನ್ನದೇ ಅಕ್ಷರದಲ್ಲಿ "ಎತ್ತಲಿಲ್ಲ" ಎಂದಿದೆ.

ಡಲ್ಲಾಸಿಗೆ ಎಂ.ಎಸ್. ಓದಲು ಬಂದ ಮೊದಲ ಸೆಪ್ಟೆಂಬರಿನಲ್ಲಿ ಅವರನ್ನು ನೋಡಿದ್ದು. ಡಲ್ಲಾಸಿನ ಪಕ್ಕದ ಕ್ಯಾರಲ್ಟನ್‌ನ ಒಂದು ಇಂಡಿಯನ್ ಗ್ರೋಸರಿಯಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಧಾರವಾಡದ ಕಡೆಯವರು, ಅರವತ್ತರ ಆಸುಪಾಸು, ಹತ್ತಿ ಸೀರೆಯ ಮೇಲೆ ಅಂಗಡಿಯ ಹಸಿರು ಏಪ್ರನ್. ನಾವು ವಿದ್ಯಾರ್ಥಿಗಳೆಲ್ಲ ಅವರನ್ನು ಗಲ್ಲಾ ಆಂಟಿ ಎನ್ನುತ್ತಿದ್ದೆವು. ಕರಿಬೇವು, ಅವಲಕ್ಕಿ ಕೊಂಡು ನಾನು ಚಿಲ್ಲರೆ ಸುರಿದಾಗ ಅವರು ಎಣಿಸಲಿಲ್ಲ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಪುಟ್ಟ ಭೂತಗನ್ನಡಿಯನ್ನು ಬಲಗಣ್ಣಿಗೆ ಇಟ್ಟುಕೊಂಡು ಒಂದು ಪೆನ್ನಿಯನ್ನು ನೋಡಿದರು. ನನ್ನ ಹಿಂದೆ ನಾಲ್ಕು ಜನ ಸಾಲಿನಲ್ಲಿದ್ದರು. ಅವರಲ್ಲೊಬ್ಬರು ಗೊಣಗಿದಾಗ ಆಂಟಿ ತಲೆಯೆತ್ತದೆ, "ನಿಂದರ್ರಿ, ನಿಮ್ಮ ಹಾಲು ಈಗಿಂದೀಗ ಒಡಿಯಂಗಿಲ್ಲ" ಎಂದರು. ಆಮೇಲೆ ಆ ಪೆನ್ನಿಯನ್ನು ನನಗೇ ವಾಪಸು ಕೊಟ್ಟು, ಇದನ್ನು ಖರ್ಚು ಮಾಡಬೇಡ, ಅಚ್ಚು ಎರಡು ಸಲ ಬಿದ್ದಿದೆ ಎಂದರು. ಬರಿಗಣ್ಣಿಗೆ ನನಗೆ ಏನೂ ಕಾಣಲಿಲ್ಲ. ಅವರ ಗಾಜಿನಲ್ಲಿ ನೋಡಿದೆ. ಇಸವಿಯ ಅಂಕಿಗಳಿಗೆ ನೆರಳಿನಂತೆ ಇನ್ನೊಂದು ಸಾಲು ಅಂಟಿಕೊಂಡಿತ್ತು. ಮೈ ಜುಮ್ಮೆಂದಿತು. ಅಷ್ಟು ದಿನ ನನ್ನ ಪರ್ಸಿನಲ್ಲೇ ಇದ್ದದ್ದು ನನಗೆ ಕಂಡಿರಲಿಲ್ಲವಲ್ಲ…

ಹೀಗೆ ಶುರುವಾಯಿತು. ಬ್ಯಾಂಕಿಗೆ ಹೋಗಿ ಇಪ್ಪತ್ತೈದು ಡಾಲರು ಕೊಟ್ಟರೆ ಪೆನ್ನಿಗಳ ಒಂದು ಪೆಟ್ಟಿಗೆ ಕೊಡುತ್ತಾರೆ. ಐವತ್ತು ಸುರುಳಿ, ಒಂದೊಂದರಲ್ಲಿ ಐವತ್ತು ನಾಣ್ಯ. ಭಾನುವಾರ ಮಧ್ಯಾಹ್ನ ಆಂಟಿಯ ಮನೆಯ ಮೇಜಿನ ಮೇಲೆ ಅದನ್ನು ಬಿಚ್ಚುತ್ತಿದ್ದೆವು. ಅವರು ನೋಡುವುದು, ನಾನು ಬರೆಯುವುದು. ಟಂಕಸಾಲೆಯಲ್ಲಿ ಅಚ್ಚು ಜಾರಿದ್ದು, ಬಿರುಕು ಬಿಟ್ಟದ್ದು, ಅಕ್ಷರ ಇಮ್ಮಡಿಯಾಗಿದ್ದು ಸಿಕ್ಕರೆ ಒಂದು ಬಟ್ಟಲಿಗೆ. ಹಳೆಯ ತಾಮ್ರದವು ಇನ್ನೊಂದು ಬಟ್ಟಲಿಗೆ. ಏನೂ ವಿಶೇಷವಿಲ್ಲದವು ಚೀಲಕ್ಕೆ. ಚೀಲಗಳನ್ನು ಕೊಂಡ ಬ್ಯಾಂಕಿಗೆ ಹಿಂತಿರುಗಿಸುವಂತಿಲ್ಲ, ಬೇರೆ ಊರಿನ ಬ್ಯಾಂಕಿಗೇ ಹಾಕಬೇಕು. ಇಲ್ಲದಿದ್ದರೆ ಮುಂದಿನ ವಾರ ನಮ್ಮದೇ ಕಸ ನಮ್ಮ ಮೇಜಿಗೆ ಬರುತ್ತದೆ. ಇದು ಅವರ ಕಟ್ಟುನಿಟ್ಟಿನ ನಿಯಮ.

ತಾಮ್ರದವನ್ನು ಅವರು ನೋಡಿ ಬೇರೆ ಮಾಡುತ್ತಿರಲಿಲ್ಲ, ಕೇಳಿ ಮಾಡುತ್ತಿದ್ದರು. ಸಾವಿರದ ಒಂಬೈನೂರ ಎಂಬತ್ತೆರಡರ ನಡುವಿನವರೆಗೆ ಪೆನ್ನಿ ತಾಮ್ರದ್ದು, ಆಮೇಲಿನದು ಸತುವಿಗೆ ತಾಮ್ರದ ಲೇಪ. ಅಡುಗೆಕಟ್ಟೆಯ ಗ್ರಾನೈಟಿನ ಮೇಲೆ ಬೀಳಿಸಿದರೆ ತಾಮ್ರ ಟಿಣ್ ಎನ್ನುತ್ತದೆ, ಸತು ಟಕ್ ಎಂದು ಸುಮ್ಮನಾಗುತ್ತದೆ. ಎಂಬತ್ತೆರಡರ ಇಸವಿಯವು ಎರಡೂ ಬಗೆಯಲ್ಲಿರುವುದರಿಂದ ನಾನು ಪುಟ್ಟ ತಕ್ಕಡಿ ತಂದೆ. ತಾಮ್ರ ಮೂರು ಗ್ರಾಂ ಚಿಲ್ಲರೆ, ಸತು ಎರಡೂವರೆ. ಆಂಟಿಗೆ ನಗು. "ಕಿವಿ ಇರೋವಾಗ ತಕ್ಕಡಿ ಯಾಕ ಹುಡುಗಿ? ಗಂಡಸರ ಮಾತು ತೂಗಾಕ ಇಟ್ಕೊ ಅದನ್ನ."

ನನ್ನ ನೋಟ್‌ಬುಕ್ ಕಂಡರೂ ಅವರಿಗೆ ನಗು. ಲೆಕ್ಕದಾಕಿ ಎಂದು ಹೆಸರಿಟ್ಟದ್ದು ಅದಕ್ಕೇ. ತಿಂಗಳಿಗೊಂದು ಪುಟ. ಸಿಕ್ಕ ಪ್ರತಿ ನಾಣ್ಯಕ್ಕೆ ಒಂದು ಪುಟ್ಟ ವೃತ್ತ ಬರೆದು, ತಪ್ಪು ಎಲ್ಲಿದೆಯೋ ಅಲ್ಲಿ ಚುಕ್ಕೆ ಇಡುತ್ತಿದ್ದೆ. ಪೆನ್ನಿಯ ಮುಖದಲ್ಲಿ ಲಿಂಕನ್ನನ ಬೆನ್ನ ಹಿಂದೆ, ಎಡಕ್ಕೆ, ಲಿಬರ್ಟಿ ಎಂದು ಬರೆದಿರುತ್ತದೆ. ಬಲಕ್ಕೆ ಎದೆಯ ಮುಂದೆ ಇಸವಿ. ಮೊದಲ ನಾಲ್ಕು ತಿಂಗಳಿನ ಪುಟಗಳಲ್ಲಿ ಇಪ್ಪತ್ಮೂರು ಚುಕ್ಕೆಗಳಿವೆ. ಎಡಕ್ಕೆ ಹನ್ನೆರಡು, ಬಲಕ್ಕೆ ಹನ್ನೊಂದು.

ಆಂಟಿಯ ಮಗಳು ಆಗಲೇ ಪೇರ್ಲ್ಯಾಂಡಿನಲ್ಲಿದ್ದರು, ಹ್ಯೂಸ್ಟನ್‌ನ ಮೆಡಿಕಲ್ ಸೆಂಟರಿನಲ್ಲಿ ಕೆಲಸ. ಬಂದು ನಮ್ಮ ಜೊತೆಗೇ ಇರಿ ಎಂದು ಅವರು ಪ್ರತಿ ವಾರ ಹೇಳುತ್ತಿದ್ದರು. ಆಂಟಿ ಒಪ್ಪುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಐವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತವರು ಅವರು. ಎರಡು ಸಲ ಫೇಲಾಗಿ ಮೂರನೇ ಸಲ ಲೈಸೆನ್ಸ್ ತೆಗೆದುಕೊಂಡಿದ್ದನ್ನು ಮದುವೆಯ ಸುದ್ದಿಯಂತೆ ಹೇಳುತ್ತಿದ್ದರು. ತಿಂಗಳಿಗೊಮ್ಮೆ ತಾವೇ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಪೇರ್ಲ್ಯಾಂಡಿಗೆ ಹೋಗಿ, ದೇವಸ್ಥಾನಕ್ಕೆ ಕೈಮುಗಿದು, ಮೊಮ್ಮಗಳನ್ನು ಮುದ್ದಾಡಿ, ದಾರಿಯ ಊರುಗಳ ಬ್ಯಾಂಕುಗಳಿಂದ ಪೆನ್ನಿ ಸುರುಳಿ ತಂದು, ಸೋಮವಾರ ಬೆಳಿಗ್ಗೆ ಗಲ್ಲಾದ ಮೇಲೆ ಇರುತ್ತಿದ್ದರು. ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಕಾರಿನ ಕೀಲಿ ತೂಗುತ್ತಿತ್ತು. ಒಳಗೆ ಬಂದಾಗಲೂ ಹೊರಗೆ ಹೊರಟಾಗಲೂ ಅದನ್ನೊಮ್ಮೆ ಮುಟ್ಟುತ್ತಿದ್ದರು.

ಮೇ ಕೊನೆಯಲ್ಲಿ ನನಗೆ ಆಸ್ಟಿನ್‌ನಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಹೊರಡುವ ದಿನ ಆಂಟಿ ಜನವರಿಯಿಂದ ಉಳಿದ ಐದು ತಿಂಗಳ ಚೀಲಗಳನ್ನು ಕೊಟ್ಟು ಅಲ್ಲಿಯ ಬ್ಯಾಂಕಿಗೆ ಹಾಕು ಎಂದರು. ಡಲ್ಲಾಸಿನ ಬ್ಯಾಂಕಿನವರು ಅವರ ಮುಖ ಕಂಡರೆ ಬಾಗಿಲು ಹಾಕಿಕೊಳ್ಳುವಂತಾಗಿತ್ತು. ಚೀಲಗಳ ಮೇಲೆ ತಿಂಗಳಿನ ಚೀಟಿ ಅಂಟಿಸಿದ್ದು ನಾನೇ.

ಆಸ್ಟಿನ್‌ನಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ. ವಾರಾಂತ್ಯ ಉದ್ದವಾಗಿರುತ್ತಿತ್ತು. ಬ್ಯಾಂಕಿಗೆ ಹಾಕುವ ಮುಂಚೆ ಅಭ್ಯಾಸಕ್ಕಿರಲಿ ಎಂದು ಚೀಲಗಳನ್ನು ನಾನೇ ಒಮ್ಮೆ ನೋಡತೊಡಗಿದೆ. ಆಂಟಿ ನೋಡಿ ಬಿಟ್ಟ ನಾಣ್ಯಗಳು, ಅವುಗಳಲ್ಲಿ ಏನಿರಲು ಸಾಧ್ಯ? ಜನವರಿಯ ಚೀಲದಲ್ಲಿ ಏನೂ ಇರಲಿಲ್ಲ. ಫೆಬ್ರವರಿಯಲ್ಲಿ ಒಂದು ಸಿಕ್ಕಿತು. ಮಾರ್ಚಿನಲ್ಲಿ ಮೂರು, ಏಪ್ರಿಲಿನಲ್ಲಿ ನಾಲ್ಕು, ಮೇಯಲ್ಲಿ ಆರು. ಮೇ ಚೀಲದಲ್ಲಂತೂ ತೊಂಬತ್ತೈದನೇ ಇಸವಿಯದೊಂದು, ಲಿಬರ್ಟಿ ಎಂಬ ಪದ ಎದ್ದು ಕಾಣುವಂತೆ ಇಮ್ಮಡಿಯಾದದ್ದು. ಅದನ್ನು ಹುಡುಕಿ ಹುಡುಕಿ ಆಂಟಿ ಬೇಸತ್ತಿದ್ದರು. ಅದು ತಪ್ಪಿ ಚೀಲಕ್ಕೆ ಬೀಳುವ ಮಾತೇ ಇಲ್ಲ.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಒಟ್ಟು ಹದಿನಾಲ್ಕು. ತಿಂಗಳಿಂದ ತಿಂಗಳಿಗೆ ಏರುತ್ತ ಹೋದದ್ದು. ನಾನು ಊರು ಬಿಡುವ ದಿನ ಹತ್ತಿರ ಬಂದಷ್ಟೂ ಅವರು ನನಗಾಗಿ ಹೆಚ್ಚು ಹೆಚ್ಚು ಬಿಟ್ಟಿದ್ದಾರೆ! ಒಂಟಿ ಕೋಣೆಯಲ್ಲಿ ಕುಳಿತು ನಾನು ಇದನ್ನು ಮಾಡುತ್ತೇನೆ ಎಂದು ಮುಂಚೆಯೇ ಊಹಿಸಿದ್ದಾರೆ. ಕಣ್ಣು ತುಂಬಿ ಬಂತು. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು "ಆಂಟಿ ನನಗಾಗಿ ಬಿಟ್ಟದ್ದು" ಎಂದು ತಲೆಬರಹ ಹಾಕಿ, ಹದಿನಾಲ್ಕು ವೃತ್ತ ಬರೆದು, ಚುಕ್ಕೆಗಳನ್ನಿಟ್ಟೆ. ಇಡುವಾಗ ಅವುಗಳನ್ನು ನಾನು ನೋಡಲಿಲ್ಲ. ಬರೆದೆ, ಅಷ್ಟೇ.

ಜುಲೈ ಮೊದಲ ವಾರ ಮೊಮ್ಮಗಳ ಹುಟ್ಟುಹಬ್ಬಕ್ಕೆ ನಾನೂ ಬರಬೇಕೆಂದರು ಆಂಟಿ. ಗುರುವಾರ ಸಂಜೆ ಬಸ್ಸಿನಲ್ಲಿ ಡಲ್ಲಾಸಿಗೆ ಹೋದೆ. ಆಂಟಿಯ ಮೇಜಿನ ಮೇಲೆ ಆ ತೊಂಬತ್ತೈದರ ಪೆನ್ನಿ ಇಟ್ಟು, "ಇದನ್ನ ನನಗೋಸ್ಕರ ಬಿಟ್ಟಿದ್ರಿ ಅಲ್ವಾ ಆಂಟಿ?" ಎಂದೆ. ಅವರು ಕೈಗೆತ್ತಿಕೊಂಡರು. ಭೂತಗನ್ನಡಿ ಇಟ್ಟುಕೊಂಡು ನೋಡಿದರು, ನಾಣ್ಯವನ್ನು ತಿರುಗಿಸಿ ಮತ್ತೆ ನೋಡಿದರು. ಲಿಂಕನ್ನನ ಭುಜದ ಮೇಲೆ ಸಾಸಿವೆಯಷ್ಟು ಕಪ್ಪು ಕಲೆಯಿತ್ತು, ಅದನ್ನು ಉಗುರಿನಿಂದ ಸವರಿದರು.

"ಮತ್ತ? ಅಲ್ಲಿ ಹುಡುಕಾಕ ನಿನಗ ಏನರ ಇರಬೇಕಲ್ಲ" ಎಂದು ನಕ್ಕರು. ಅದನ್ನು ನೀವೇ ಇಟ್ಟುಕೊಳ್ಳಿ ಎಂದೆ. ಪರ್ಸಿನ ಒಳಜೇಬಿಗೆ ಹಾಕಿಕೊಂಡರು.

ಶುಕ್ರವಾರ ಬೆಳಿಗ್ಗೆ ಹೊರಟೆವು. ಕಾರ್ಸಿಕಾನಾದಲ್ಲಿ ಬ್ಯಾಂಕಿಗೆ ನಿಂತು ಹತ್ತು ಸುರುಳಿ ತೆಗೆದುಕೊಂಡೆವು. ಆಂಟಿ ಯಾರದೋ ಅತ್ತೆ ಸೊಸೆ ಜಗಳದ ಒಂದು ಉದ್ದನೆಯ ಕತೆ ಹೇಳುತ್ತಿದ್ದರು. ನಾನು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಅರ್ಧ ವರ್ಷದ ಒಟ್ಟು ಲೆಕ್ಕ ಹಾಕುತ್ತಿದ್ದೆ. ಬಫಲೋ ಎಂಬ ಊರು ದಾಟಿದ ಮೇಲೆ ಮುಂದೊಂದು ಟ್ರಕ್ಕು ನಿಧಾನವಾಗಿ ಹೋಗುತ್ತಿತ್ತು. ಅದನ್ನು ಹಿಂದೆ ಹಾಕಲು ಆಂಟಿ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಎಡಕ್ಕೆ ಸರಿದರು.

ಎಡಕ್ಕೆ ಬಿಳಿಯ ಪಿಕಪ್ ಇತ್ತು. ನಮ್ಮ ಪಕ್ಕದಲ್ಲೇ, ಆಂಟಿಯ ಕಿಟಕಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅದನ್ನು ನಾನು ಬಹಳ ಹೊತ್ತಿನಿಂದ ನೋಡುತ್ತಿದ್ದೆ. ಅದರಲ್ಲೊಂದು ಕಂದು ನಾಯಿ ಕೂತಿತ್ತು, ಅದನ್ನೂ ನೋಡಿದ್ದೆ. ಹಾರ್ನ್ ಕಿವಿ ಹರಿಯುವಂತೆ ಬಂತು. ಆಂಟಿ ಬಲಕ್ಕೆ ಎಳೆದರು, ಕಾರು ರಸ್ತೆಯಂಚಿನ ಜಲ್ಲಿಗೆ ಇಳಿದು ಗಡಗಡ ನಡುಗಿ ಮತ್ತೆ ಮೇಲೆ ಬಂತು. ಹಿಂದಿನ ಸೀಟಿನಲ್ಲಿ ಸುರುಳಿಗಳು ಒಡೆದು ಪೆನ್ನಿಗಳು ಕೆಳಗೆ ಸುರಿದವು.

"ಎಲ್ಲಿಂದ ಬಂದಾ ಅವಾ?" ಎಂದರು ಆಂಟಿ. "ಆಕಾಶದಾಗಿಂದ ಬಿದ್ದಂಗ ಬಂದ."

ನೋಟ್‌ಬುಕ್ ತೊಡೆಯ ಮೇಲೆ ತೆರೆದೇ ಇತ್ತು, "ಆಂಟಿ ನನಗಾಗಿ ಬಿಟ್ಟದ್ದು" ಎಂಬ ಪುಟ. ಹದಿನಾಲ್ಕು ವೃತ್ತಗಳು, ಹದಿನಾಲ್ಕು ಚುಕ್ಕೆಗಳು. ಹದಿನಾಲ್ಕೂ ಎಡಕ್ಕಿದ್ದವು. ಹಿಂದಿನ ಪುಟ ತಿರುಗಿಸಿದೆ. ಮಾರ್ಚಿನಿಂದ ಮೇವರೆಗೆ ಅವರು ಹುಡುಕಿ ಕೊಟ್ಟ ಒಂಬತ್ತು ನಾಣ್ಯಗಳ ಚುಕ್ಕೆಗಳು… ಒಂಬತ್ತೂ ಬಲಕ್ಕೆ. ಕಾರು ಗಂಟೆಗೆ ಎಪ್ಪತ್ತೈದು ಮೈಲಿಯಲ್ಲಿ ಹೋಗುತ್ತಿತ್ತು, ಆಂಟಿ ಅತ್ತೆ ಸೊಸೆಯ ಕತೆಯನ್ನು ಬಿಟ್ಟಲ್ಲಿಂದ ಮತ್ತೆ ಶುರುಮಾಡಿದ್ದರು.

ಬಾತ್‌ರೂಮಿಗೆ ಹೋಗಬೇಕು ಎಂದು ಸುಳ್ಳು ಹೇಳಿ ಮುಂದಿನ ಎಕ್ಸಿಟ್ ತೆಗೆದುಕೊಳ್ಳಲು ಹೇಳಿದೆ. ಅಲ್ಲಿಯವರೆಗಿನ ಆರು ಮೈಲಿ ನಾನು ಎಡಗಡೆಯ ಲೇನನ್ನು ಅವರ ಬದಲು ನೋಡುತ್ತಲೇ ಇದ್ದೆ. ಗ್ಯಾಸ್ ಸ್ಟೇಷನ್ನಿನ ಒಳಗೆ ಕಿಟಕಿಯ ಪಕ್ಕ ನಾಲ್ಕು ಮೇಜುಗಳಿದ್ದವು. ಆಂಟಿ ಕಾಫಿ ತಂದುಕೊಂಡು ಕುಳಿತರು. ನಾನು ಒಡೆದ ಸುರುಳಿಯ ಐದು ಪೆನ್ನಿಗಳನ್ನು ಅವರ ಮುಂದೆ ಅಡ್ಡ ಸಾಲಿನಲ್ಲಿ, ಬೆರಳಗಲ ಬಿಟ್ಟು ಬಿಟ್ಟು ಜೋಡಿಸಿದೆ. ನಡುವಿನದರ ಮೇಲೆ ಬೆರಳಿಟ್ಟೆ. ಇದನ್ನೇ ನೋಡಬೇಕು, ಕಣ್ಣು ಅಲ್ಲಾಡಿಸಬಾರದು, ಒಟ್ಟು ಎಷ್ಟಿವೆ ಹೇಳಿ ಎಂದೆ. ಇದೇನು ಹುಡುಗಾಟ ಎಂದು ನಗುತ್ತಲೇ ಅವರು ನೋಡಿದರು.

"ಮೂರು."

ನಾನು ಬೆರಳು ತೆಗೆಯಲಿಲ್ಲ. ನನ್ನ ಮುಖ ಹೇಗಾಗಿತ್ತೋ, ಅವರ ನಗು ನಿಂತಿತು. ಅವರ ಎಡಗೈ ಮೇಜಿನ ಮೇಲೆ ಮೆಲ್ಲಗೆ ಸರಿಯಿತು, ಒಂದು ನಾಣ್ಯಕ್ಕೆ ತಾಗಿತು, ಇನ್ನೂ ಸರಿದು ಮತ್ತೊಂದಕ್ಕೆ ತಾಗಿತು. ಎರಡನ್ನೂ ಬೆರಳಿನಿಂದಲೇ ಎರಡು ಸಲ ಎಣಿಸಿದರು.

"ನಿನಗ ಯಾವಾಗಿಂದ ಗೊತ್ತು?" ಎಂದರು.

"ಈಗ. ಆ ಪಿಕಪ್ ಬಂದ ಮೇಲೆ."

"ನನಗ ಯುಗಾದಿಯಿಂದ." ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಗಲ್ಲಾದ ಎಡಕ್ಕ ನಿಂತ ಗಿರಾಕಿ ಕಾಣಂಗಿಲ್ಲ. ಚಷ್ಮಾ ನಂಬರ್ ಬದಲಾಗೈತಿ ಅನ್ಕೊಂಡು ಸುಮ್ನಿದ್ದೆ."

ಹಾಗಾದರೆ ನಿನ್ನೆ ಆ ನಾಣ್ಯ ನನಗಾಗಿ ಬಿಟ್ಟದ್ದು ಎಂದಿದ್ದು, ಎಂದು ಕೇಳಿದೆ. ಕೇಳಬಾರದಿತ್ತು.

"ನೀನ ಅಂದಿ. ನಾ ಹೂಂ ಅಂದೆ."

ಆಮೇಲೆ ಅವರು ನನ್ನ ಕೈ ಹಿಡಿದುಕೊಂಡರು. ಒಂದು ವರ್ಷದಲ್ಲಿ ಎಂದೂ ಹಿಡಿದಿರಲಿಲ್ಲ. "ಇದನ್ನ ನಿನ್ನ ವಹಿಯೊಳಗ ಬರಿಬ್ಯಾಡ. ಮಗಳಿಗಂತೂ ಹೇಳಲೇಬ್ಯಾಡ. ಹೇಳಿದ್ರ ಕೀಲಿ ಕಸ್ಕೋತಾಳ. ಕೀಲಿ ಹ್ವಾದ್ರ ಗಲ್ಲಾ ಹ್ವಾತು, ನನ್ನ ಮನಿ ಹ್ವಾತು."

ಆಯ್ತು ಆಂಟಿ ಎಂದೆ. ಅವತ್ತು ಉಳಿದ ದಾರಿ ನಾನೇ ಡ್ರೈವ್ ಮಾಡಿದೆ. ಲೈಸೆನ್ಸ್ ಬಂದು ನಾಲ್ಕು ತಿಂಗಳಾಗಿತ್ತು, ಅದುವರೆಗೆ ಹೆದ್ದಾರಿಯಲ್ಲಿ ಓಡಿಸಿದ ಮೈಲಿ ಸೊನ್ನೆ. ಹ್ಯೂಸ್ಟನ್‌ನ ಊರ ನಡುವೆ, ಐದು ಲೇನುಗಳ ಮಧ್ಯೆ, ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು. ಆಂಟಿ ಪಕ್ಕದಲ್ಲಿ ಕುಳಿತು ಬಲಗಡೆಯಿಂದ ಬರುವ ಪ್ರತಿಯೊಂದು ಗಾಡಿಯನ್ನೂ ನನಗೆ ಹೇಳುತ್ತಿದ್ದರು. ಒಂದನ್ನೂ ಬಿಡಲಿಲ್ಲ.

ಶನಿವಾರ ಹುಟ್ಟುಹಬ್ಬ ಚೆನ್ನಾಗಿಯೇ ಆಯಿತು. ನಾನು ಭಾನುವಾರ ಮಧ್ಯಾಹ್ನ ಹ್ಯೂಸ್ಟನ್ನಿನಿಂದಲೇ ಬಸ್ಸಿನಲ್ಲಿ ಆಸ್ಟಿನ್ನಿಗೆ ಹೋಗಬೇಕಿತ್ತು. ಆಂಟಿ ಒಬ್ಬರೇ ಕ್ಯಾರಲ್ಟನ್ನಿಗೆ ಡ್ರೈವ್ ಮಾಡಿಕೊಂಡು ಹೋಗಬೇಕಿತ್ತು. ಬಸ್ಸಿನಲ್ಲಿ ಹೋಗಿ, ಇಲ್ಲ ನಾನೇ ಕ್ಯಾರಲ್ಟನ್ನಿನವರೆಗೆ ಬಿಟ್ಟು ಬರುತ್ತೇನೆ ಎಂದು ಶನಿವಾರ ಮೂರು ಸಲ ಹೇಳಿದೆ. ಮೂರು ಸಲವೂ ಅವರು ಮಾತು ತಿರುಗಿಸಿದರು. ಭಾನುವಾರ ಉಪ್ಪಿಟ್ಟು ತಿಂದು ಕೈ ತೊಳೆದು, ಬಾಗಿಲ ಪಕ್ಕದ ಕೊಂಡಿಯಲ್ಲಿದ್ದ ಕೀಲಿಗೆ ಕೈ ಹಾಕಲು ಹೋದರು. ಮೊದಲ ಸಲ ಕೈ ಬರಿ ಗೋಡೆಗೆ ತಾಗಿತು. ಕೊಂಡಿ ಅವರ ಎಡಕ್ಕಿತ್ತು.

ನಾನು ಅಡುಗೆಮನೆಗೆ ಹೋಗಿ ಮಗಳಿಗೆ ಹೇಳಿಬಿಟ್ಟೆ. ಹೇಳಿದ್ದಷ್ಟೇ ಅಲ್ಲ, ನೋಟ್‌ಬುಕ್ಕಿನ ಎರಡು ಪುಟ ತೆರೆದು ತೋರಿಸಿದೆ. ಇದು ಅವರು ಕಂಡದ್ದು, ಇದು ಅವರಿಗೆ ಕಾಣದ್ದು. ಮಗಳು ಆಸ್ಪತ್ರೆಯಲ್ಲಿ ದುಡಿಯುವವರು, ಎರಡನೇ ಪುಟ ನೋಡುವಷ್ಟರಲ್ಲೇ ಮುಖ ಬಿಳಿಚಿಕೊಂಡಿತು. ನೇರ ಹೋಗಿ ಕೊಂಡಿಯಿಂದ ಕೀಲಿ ತೆಗೆದುಕೊಂಡರು. ಆಂಟಿ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ ದನಿಯಲ್ಲಿ, ಗಲ್ಲಾದ ಮೇಲೆ ಗಿರಾಕಿಗೆ ಬಿಲ್ ಹೇಳುವ ದನಿಯೇ ಇತ್ತು.

"ನಿನ್ನ ಲೆಕ್ಕ ಎಂದೂ ತಪ್ಪಂಗಿಲ್ಲ ಬಿಡು."

ಕಣ್ಣಿನ ನರ ಒಣಗುವ ಕಾಯಿಲೆ, ಗ್ಲಾಕೋಮಾ. ಎಡಗಣ್ಣು ಎಂದೋ ಮಂಜಾಗಿತ್ತು, ಬಲಗಣ್ಣಿನಲ್ಲಿ ಎಡಭಾಗ ಮೊದಲು ಹೋಗಿತ್ತು. ನೋವಿಲ್ಲ, ಕಪ್ಪು ಕಾಣುವುದೂ ಇಲ್ಲ, ಕಾಣದ ಜಾಗವನ್ನು ಮನಸ್ಸೇ ತುಂಬಿಕೊಂಡುಬಿಡುತ್ತದೆ ಎಂದು ಡಾಕ್ಟರು ಹೇಳಿದರಂತೆ. ಹೋದದ್ದು ಬರುವುದಿಲ್ಲ, ಉಳಿದದ್ದಕ್ಕೆ ಡ್ರಾಪ್ಸ್. ಆಗಸ್ಟಿನಲ್ಲಿ ಕ್ಯಾರಲ್ಟನ್ ಮನೆ ಖಾಲಿ ಮಾಡಿದರು. ಗಲ್ಲಾಕ್ಕೆ ಬೇರೆಯವರು ಬಂದರು. ಮಾರ್ಚ್ ತಿಂಗಳ ಚೀಲವನ್ನು ನಾನು ಮಾರ್ಚಿನಲ್ಲೇ ನೋಡಿದ್ದರೆ ಎಂದು ಎಷ್ಟು ಸಲ ಲೆಕ್ಕ ಹಾಕಿದ್ದೇನೋ… ಅದರ ಎಣಿಕೆ ಮಾತ್ರ ಬರೆದಿಟ್ಟಿಲ್ಲ.

ಮರುವರ್ಷ ದೀಪಾವಳಿಗೆ ಒಮ್ಮೆ ಪೇರ್ಲ್ಯಾಂಡಿಗೆ ಹೋದೆ. ಬಾಗಿಲ ಹೊರಗೆ ನಿಂತಾಗ ಒಳಗಿನಿಂದ ಸದ್ದು ಕೇಳುತ್ತಿತ್ತು. ಟಿಣ್. ಟಕ್. ಟಕ್. ಟಿಣ್. ಬೆಲ್ ಒತ್ತಿದೊಡನೆ ನಿಂತಿತು. ಆಂಟಿ ಸೋಫಾದ ಮೇಲೆ ಕೈಕಟ್ಟಿ ಕುಳಿತಿದ್ದರು. ಕಣ್ಣು ಇನ್ನೂ ಕಡಿಮೆಯಾಗಿತ್ತು, ನನ್ನನ್ನು ದನಿಯಿಂದ ಗುರುತಿಸಿದರು. ಪೆನ್ನಿ ಹುಡುಕುವುದು ಬಿಟ್ಟಿರಾ ಎಂದೆ. ಆ ಹುಚ್ಚೆಲ್ಲ ಬಿಟ್ಟೆ ಎಂದರು. ಮೊಮ್ಮಗಳು ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತದೆ, "ನೋ, ಶಿ ಡಸ್ ಇಟ್ ಆಲ್ ಡೇ" ಎಂದಳು. ಆಂಟಿ ನಗಲಿಲ್ಲ. ನಾನೂ ನಗಲಿಲ್ಲ. ಚಹಾ ಕುಡಿದೆ, ಬಂದೆ.

ಈಗ ಪೆನ್ನಿ ಅಚ್ಚು ಹಾಕುವುದನ್ನೇ ನಿಲ್ಲಿಸಿದ್ದಾರೆ. ಬ್ಯಾಂಕಿನಲ್ಲಿ ಪೆಟ್ಟಿಗೆ ಕೇಳಿದರೆ ಇಲ್ಲ ಎನ್ನುತ್ತಾರೆ. ನಾನು ನಾಣ್ಯ ನೋಡದೆ ಬಹಳ ದಿನವಾಗಿತ್ತು.

ಶನಿವಾರ ಮಧ್ಯಾಹ್ನ ಬಾಟಲಿಯ ಮುಚ್ಚಳವನ್ನು ಎರಡನೇ ಸಲ ತೆಗೆದೆ. ಅಟ್ಟದ ಪೆಟ್ಟಿಗೆಯಿಂದ ಹಳೆಯ ತಕ್ಕಡಿ ಇಳಿಸಿದೆ. ಬಟ್ಟೆ ಹಾಸಿ ಎಲ್ಲವನ್ನೂ ಸುರಿದು ಎಣಿಸಿದೆ. ನಾನೂರ ಹನ್ನೆರಡು. ಇಸವಿ ನೋಡುತ್ತ ಹೋದಂತೆ ಗೊತ್ತಾಯಿತು, ಇವು ತಾಮ್ರದವು. ಅವರು ಇಸವಿ ಓದಲಾರದ ಕಾಲದಲ್ಲಿ ಒಂದೊಂದನ್ನೇ ಕಲ್ಲಿನ ಮೇಲೆ ಬೀಳಿಸಿ, ಕಿವಿಯಿಂದ ಆರಿಸಿದವು. ಎಂಬತ್ತೆರಡರ ಇಸವಿಯವು ಹತ್ತೊಂಬತ್ತಿದ್ದವು. ಅಲ್ಲಾದರೂ ತಪ್ಪಿರಬೇಕೆಂದು ಒಂದೊಂದನ್ನೇ ತಕ್ಕಡಿಗಿಟ್ಟೆ. ಹತ್ತೊಂಬತ್ತೂ ಮೂರು ಗ್ರಾಂ ಚಿಲ್ಲರೆ. ಮೂರು ಗಂಟೆ ಹಿಡಿಯಿತು. ನಾನೂರ ಹನ್ನೊಂದು ನಾಣ್ಯ ತೂಗಿದೆ. ತಪ್ಪು, ಸೊನ್ನೆ.

ಕೊನೆಯದು ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡ ಒಂದು. ತಕ್ಕಡಿ ಎರಡೂವರೆ ಗ್ರಾಂ ತೋರಿಸಿತು. ಸತು. ಎತ್ತಿ ಬೆಳಕಿಗೆ ಹಿಡಿದೆ. ತೊಂಬತ್ತೈದನೇ ಇಸವಿ. ಎಡಕ್ಕೆ ಲಿಬರ್ಟಿ ಎರಡೆರಡಾಗಿ ಕಾಣುತ್ತಿತ್ತು. ಭುಜದ ಮೇಲೆ ಸಾಸಿವೆಯಷ್ಟು ಕಪ್ಪು ಕಲೆ.

ಒಮ್ಮೆ ನಾನು ಇದೇ ನಾಣ್ಯಕ್ಕೆ ನನಗೆ ಬೇಕಾದ ಅರ್ಥ ಕೊಟ್ಟುಕೊಂಡು ಮೋಸ ಹೋದವಳು. ಕೇಳೋಣವೆಂದರೆ ಹನ್ನೆರಡನೇ ಫೋನು ಎತ್ತುವವರಿಲ್ಲ… ಹಳೆಯ ನೋಟ್‌ಬುಕ್ ತೆಗೆದು, "ಆಂಟಿ ನನಗಾಗಿ ಬಿಟ್ಟದ್ದು" ಎಂಬ ಪುಟ ಬಿಡಿಸಿದೆ. ಅಂದು ಬಸ್ಸಿನಲ್ಲಿ ಆಸ್ಟಿನ್ನಿಗೆ ಮರಳುವಾಗ ಹದಿನಾಲ್ಕು ವೃತ್ತಗಳ ಮೇಲೂ ಗೀಟು ಎಳೆದಿದ್ದೆ, ಕಾಗದ ಹರಿಯುವಷ್ಟು ಒತ್ತಿ.

ಎದ್ದು ಹೋಗಿ ಆ ಪೆನ್ನಿಯನ್ನು ಅಡುಗೆಕಟ್ಟೆಯ ಮೇಲೆ ಬೀಳಿಸಿದೆ. ಟಕ್ ಎಂದು ಸುಮ್ಮನಾಯಿತು. ಇನ್ನೊಮ್ಮೆ ಬೀಳಿಸಿದೆ. ಟಕ್. ಪೇರ್ಲ್ಯಾಂಡಿನ ಆ ಮನೆಯ ಬಾಗಿಲ ಹೊರಗೆ ನಿಂತಿದ್ದ ನನಗೇ ಈ ಸದ್ದು ಕೇಳಿಸಿತ್ತು. ನಾನೂರ ಹನ್ನೊಂದರಲ್ಲಿ ಒಂದೂ ತಪ್ಪದ ಕಿವಿಗೆ ಕೇಳದೇ ಇರಲಿಲ್ಲ.

ಗೀಟು ಎಳೆದ ಸಾಲುಗಳ ಕೆಳಗೆ ಹೊಸದೊಂದು ವೃತ್ತ ಬರೆದೆ. ಎಡಕ್ಕೆ ಚುಕ್ಕೆಯಿಟ್ಟೆ. ಒಟ್ಟು: ಒಂದು.